ಇದು ನಿಂದ್ರವಲ್ದು

ಹೋದ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯಿಂದ ದಿನಕ್ಕೆ ನಾಲ್ಕು ಸಲವಾದರೂ ಒಂದು ಮಾತು ಕೇಳಿಬರುತ್ತಿತ್ತು: ‘ರೀ, ಇದು ನಿಂದ್ರವಲ್ದು ನೋಡ್ರಿ.’ ಮೊದಲ ಸಲ, ಸೈಕಲ್ಲಿನ ಸ್ಟ್ಯಾಂಡು ಮುರಿಯಿತೆಂದು ಹೊರಗೆ ಓಡಿದ್ದೆ. ಎರಡನೆಯ ಸಲ, ನಲ್ಲಿ ಸೋರುತ್ತಿದೆಯೆಂದು ಬಚ್ಚಲಿಗೆ ಓಡಿದೆ. ಮೂರನೆಯ ಸಲದಿಂದ ಓಡುವುದನ್ನು ಬಿಟ್ಟು, ಪೇಪರು ಮಡಿಚಿಟ್ಟು, ಚಾಳೀಸು ಏರಿಸಿಕೊಂಡು ಸಾವಕಾಶ ಹೋಗಿ ನೋಡತೊಡಗಿದೆ. ಒಲೆಯ ಕಟ್ಟೆಯ ಮೇಲೆ ಗೇಣುದ್ದದ ಒಂದು ಮೇಣಬತ್ತಿ. ನೋಡಿದರೆ ಗಾಜಿನಷ್ಟು ತಿಳಿ, ಮುಟ್ಟಿದರೆ ತಾಟಿನಿಂಗಿನ ಹಾಗೆ ಮೆತ್ತಗೆ. ಬೀಗರೆದುರು ನಿಂತ ಹೆಣ್ಣಿನ ತಂದೆಯಂತೆ ನಡು ಬಗ್ಗಿಸಿಕೊಂಡು ನಿಂತಿರುತ್ತಿತ್ತು.

ಬೈಲಹೊಂಗಲದಲ್ಲಿ, ಅದೂ ನಿವೃತ್ತ ವಿಜ್ಞಾನ ಮಾಸ್ತರನೊಬ್ಬನ ಮನೆಯಲ್ಲಿ, ಈ ಉಪದ್ವ್ಯಾಪ ಹುಟ್ಟಿದ್ದು ಕಿತ್ತೂರಿನಿಂದ. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ದಂಡು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದರ ನೆನಪಿಗೆ ಪ್ರತಿವರ್ಷ ಅದೇ ತಾರೀಖಿನಿಂದ ಅಲ್ಲಿ ಉತ್ಸವ. ಗೆಲುವು ಕಿತ್ತೂರಿನ ಪಾಲು. ಆಮೇಲಿನ ಸೆರೆ, 1829ರ ಸಾವು, ಸಮಾಧಿ ನಮ್ಮೂರ ಪಾಲು. ಹಾಗಾಗಿಯೋ ಏನೋ, ಕಿತ್ತೂರಿನಿಂದ ನಮ್ಮೂರಿಗೆ ಬರುವುದೆಲ್ಲ ಸಂಭ್ರಮ ಮುಗಿದ ಮೇಲೆ ಉಳಿದದ್ದೇ. ಮನೆಯಾಕೆಯ ಸ್ವಸಹಾಯ ಸಂಘದವರು ಮೂರು ದಿನದ ತರಬೇತಿ ಮುಗಿಸಿ, ಉತ್ಸವದಲ್ಲಿ ಮಳಿಗೆ ಹಿಡಿದು, ಗಾಜಿನ ಗ್ಲಾಸಿನಲ್ಲಿ ತುಂಬಿದ ಜೆಲ್ ಮೇಣಬತ್ತಿ ಮಾರಲು ಹೋದರು. ಗ್ಲಾಸಿನ ತಳದಲ್ಲಿ ಉಸುಕು, ಅದರ ಮೇಲೆ ಎರಡು ಕಪ್ಪೆಚಿಪ್ಪು, ನೀಲಿ ಬಣ್ಣದ ತಿಳಿ ಜೆಲ್ಲು: ಸಮುದ್ರವಂತೆ. ನಮ್ಮ ಕಡೆಯ ಬಹಳ ಮಂದಿ ನೋಡಿದ ಅತಿ ದೊಡ್ಡ ನೀರು ಸವದತ್ತಿಯ ನವಿಲುತೀರ್ಥದ ಆಣೆಕಟ್ಟಿನದು. ‘ಇದರಾಗ ಮೀನ ಎಲ್ಲಿ ಅದಾವು?’ ಎಂದು ಕೇಳಿದವರೇ ಹೆಚ್ಚು.

ಒಬ್ಬ ಮುದುಕಿ ಮಾತ್ರ ಗ್ಲಾಸನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬೆರಳಿನಿಂದ ಟಣ್ ಎನಿಸಿ, ವ್ಯಾಪಾರದ ಮೂಲಕ್ಕೇ ಕೈ ಹಾಕಿದಳು. ‘ಉರದ ಮ್ಯಾಲ ಇದರಾಗ ಚಾ ಕುಡ್ಯಾಕ ಬರತೈತೇನ?’ ಬರುತ್ತದೆ ಎಂದಾಗ ಎರಡು ಕೊಂಡಳು. ಅಂದು ರಾತ್ರಿ ಲೆಕ್ಕ ಹಾಕಿದರೆ ಮೇಣಕ್ಕಿಂತ ಗ್ಲಾಸಿನ ಖರ್ಚೇ ಹೆಚ್ಚು. ಮಾರದೆ ಉಳಿದವುಗಳಲ್ಲಿ ಹನ್ನೊಂದು ಬಸ್ಸಿನ ಕುಲುಕಾಟಕ್ಕೆ ಒಡೆದಿದ್ದವು. ಸೀರೆಯ ನಿರಿಗೆಯಿಂದ ಗಾಜಿನ ಚೂರು ಆರಿಸುತ್ತ ಮನೆಯಾಕೆ ಪ್ರತಿಜ್ಞೆ ಮಾಡಿದಳು: ಗ್ಲಾಸಿಲ್ಲದೆ ತನ್ನ ಕಾಲ ಮೇಲೆ ತಾನು ನಿಲ್ಲುವ ತಿಳಿ ಮೇಣಬತ್ತಿ ಮಾಡಿಯೇ ಸೈ.

ನನಗೆ ಇದರಲ್ಲೊಂದು ವಿನೋದ ಕಂಡಿತು. ದೀಪಕ್ಕೆ ಮೊದಲಿನಿಂದಲೂ ಪಾತ್ರೆಯದೇ ಚಿಂತೆ. ಎಣ್ಣೆ ಹರಿಯುವ ವಸ್ತು. ಅದಕ್ಕೊಂದು ಪಣತಿ ಬೇಕು, ಸಮೆ ಬೇಕು. ನಾನು ಹತ್ತನೆಯ ಇಯತ್ತೆ ಓದಿದ್ದು ಚಿಮಣಿಯ ಬೆಳಕಿನಲ್ಲಿ. ಅದೂ ಔಷಧದ ಖಾಲಿ ಬಾಟ್ಲಿ, ಮುಚ್ಚಳಕ್ಕೊಂದು ತೂತು, ಹಳೆಯ ಧೋತರದ ಬತ್ತಿ. ನಮ್ಮ ಹೆಣ್ಣುಮಕ್ಕಳು ಪಾತ್ರೆಯನ್ನೇ ತಿನ್ನುವ ಪದಾರ್ಥದಲ್ಲಿ ಮಾಡಿ ಈ ಸಮಸ್ಯೆಗೊಂದು ಉಪಾಯ ಕಂಡುಕೊಂಡಿದ್ದರು. ಕಣಕದ ಆರತಿಯಲ್ಲಿ ಹಿಟ್ಟೇ ಬಟ್ಟಲು, ತುಳಸಿ ಲಗ್ನಕ್ಕೆ ಕೊರೆದ ನೆಲ್ಲಿಕಾಯಿಯೇ ಪಣತಿ. ಮೇಣಬತ್ತಿ ಒಂದೇ ಪಾತ್ರೆಯನ್ನು ಪೂರ್ತಿ ಕೈಬಿಟ್ಟದ್ದು. ಕರೆಂಟು ಹೋದಾಗ ಎರಡು ಹನಿ ಬಿಸಿ ಮೇಣ ಡಬ್ಬು ಹಾಕಿದ ವಾಟಿಯ ಮೇಲೆ ಬೀಳಿಸಿ, ಅದರ ಮೇಲೆ ಬತ್ತಿಯನ್ನು ಒತ್ತಿದರೆ ಆಯಿತು. ತನ್ನ ಅಂಟಿನಿಂದಲೇ ತಾನು ನಿಲ್ಲುತ್ತಿತ್ತು.

ಲಂಡನ್ನಿನ ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ, 1860ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳೆದುರು ಒಂದು ಮೇಣಬತ್ತಿ ಇಟ್ಟುಕೊಂಡು ಆರು ಉಪನ್ಯಾಸ ಕೊಟ್ಟ. ಅದರಲ್ಲಿ ಆತ ತೋರಿಸಿದ ಒಂದು ಸಂಗತಿಯನ್ನು ಮೂವತ್ತು ವರ್ಷ ಪಾಠ ಮಾಡಿಯೂ ನನಗೆ ಬೇಸರ ಬಂದಿಲ್ಲ. ಜ್ವಾಲೆಯ ಬಿಸಿಗೆ ಗಾಳಿ ಮೇಲೇರುತ್ತದೆ. ಅದರ ಜಾಗಕ್ಕೆ ಸುತ್ತಲಿಂದ ತಣ್ಣನೆಯ ಗಾಳಿ ಮೇಣಬತ್ತಿಯ ಮೈಗುಂಟ ಹತ್ತಿಬರುತ್ತದೆ. ಈ ತಂಪಿಗೆ ಅಂಚು ಗಟ್ಟಿಯಾಗೇ ಉಳಿದು, ನಡುವೆ ಮಾತ್ರ ಕರಗಿ, ಮೇಣಬತ್ತಿ ತನ್ನ ತಲೆಯ ಮೇಲೆ ತಾನೇ ಒಂದು ಬಟ್ಟಲು ಮಾಡಿಕೊಳ್ಳುತ್ತದೆ. ಅಂದರೆ ಪಾತ್ರೆ ಎಲ್ಲಿಗೂ ಹೋಗಿರಲಿಲ್ಲ. ಜೆಲ್ ಬಂದು ಈ ಸ್ವಾವಲಂಬನೆಯನ್ನು ಕೆಡಿಸಿ ದೀಪವನ್ನು ಮತ್ತೆ ಗ್ಲಾಸಿನೊಳಗೆ ಕೂರಿಸಿತು.

ಈ ಜೆಲ್ಲಾದರೂ ಏನು? ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಬರೀ ಎಣ್ಣೆ. ಪೆಟ್ರೋಲಿಯಂನಿಂದ ತೆಗೆದು ಶುದ್ಧ ಮಾಡಿದ, ಬಣ್ಣ ವಾಸನೆ ಇಲ್ಲದ ಖನಿಜ ತೈಲ. ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂದರೆ ಕೊಡುತ್ತಾರೆ. ಹೆಸರು ಕೇಳಿದೊಡನೆ ನನಗೆ ನಮ್ಮ ಅಜ್ಜ ನೆನಪಾದ. ಆತನ ತಲೆದಿಂಬಿನ ಪಕ್ಕದ ಬಾಟ್ಲಿಯಲ್ಲಿ ಇದ್ದದ್ದೂ ಇದೇ. ಮಲಬದ್ಧತೆಗೆ ಡಾಕ್ಟರು ರಾತ್ರಿ ಎರಡು ಚಮಚ ಬರೆದುಕೊಟ್ಟಿದ್ದರು. ಯಾರಿಗೆ ಗೊತ್ತಿತ್ತು, ಬತ್ತಿಯೊಂದು ಸೇರಿದ್ದರೆ ಮನೆಗೆ ಬೆಳಕೂ ಆಗುತ್ತಿತ್ತೆಂದು!

ಹರಿಯುವ ಈ ಎಣ್ಣೆಯನ್ನು ಹಿಡಿದು ನಿಲ್ಲಿಸುವುದು ಉಳಿದ ಒಂದು ಹಿಡಿ ಪುಡಿ. ಆ ಪುಡಿಯ ಗುಟ್ಟನ್ನು ಮನೆಯಾಕೆಗೆ ಬಿಡಿಸಿ ಹೇಳಲು ನನಗಾಗಲಿಲ್ಲ. ಪಾಲಿಮರ್ ಎಂದೊಡನೆ ಆಕೆಗೆ ನಿದ್ದೆ ಬರುತ್ತಿತ್ತು. ರಾಮದುರ್ಗದಿಂದ ಬಂದಿದ್ದ ಆಕೆಯ ಅಣ್ಣನಿಗೆ ಹೇಳಿದೆ. ಆತ ನೇಕಾರ; ಕೈಮಗ್ಗದ ಮುಂದೆ ಕೂತು ಕೂತು ಬೆನ್ನು ಬಾಗಿದರೂ ಕಣ್ಣು ಇನ್ನೂ ಚುರುಕು. ಉದ್ದನೆಯ ಎಳೆಗಳು, ಪ್ರತಿ ಎಳೆಯ ಎರಡು ತುದಿಗೂ ಗಟ್ಟಿ ಸ್ವಭಾವದ ಸ್ಟೈರೀನ್, ನಡುವಿನ ಭಾಗ ರಬ್ಬರಿನ ಹಾಗೆ ಮಿದು. ನಡುಭಾಗಕ್ಕೆ ಎಣ್ಣೆ ಎಂದರೆ ಪ್ರಾಣ, ತುದಿಗಳಿಗೆ ಎಣ್ಣೆ ಕಂಡರಾಗದು. ಆದ್ದರಿಂದ ತುದಿತುದಿಗಳು ಒಂದೆಡೆ ಸೇರಿ ಗಂಟಾಗುತ್ತವೆ, ನಡುವಿನ ಜಾಗದಲ್ಲಿ ಎಣ್ಣೆ ಕೂರುತ್ತದೆ. ಕಾಯಿಸಿದರೆ ಗಂಟು ಸಡಿಲ, ಆರಿದರೆ ಮತ್ತೆ ಬಿಗಿ. ಆತ ಒಂದು ಕ್ಷಣ ಯೋಚಿಸಿ, ‘ಅಂದ್ರ ಎಣ್ಣಿ ತುಂಬಿದ ಜಾಳಿಗಿ’ ಎಂದ. ಅಷ್ಟೇ ಮಾತಿಗೆ ನಾನು ಕಪ್ಪು ಹಲಗೆ ತುಂಬಾ ಚಿತ್ರ ಬರೆಯುತ್ತಿದ್ದೆ.

‘ನಿಂದ್ರವಲ್ದು ಅಂದ್ರ ಗಂಟ ಕಮ್ಮಿ ಬಿದ್ದಾವು. ಇನ್ನಷ್ಟ ಹಾಕ್ರಿ,’ ಎಂದು ತೀರ್ಪು ಕೊಟ್ಟು ಆತ ಬಸ್ಸು ಹತ್ತಿದ.

ಸಲಹೆ ಸರಿಯಾದದ್ದೇ. ಪುಡಿ ಹೆಚ್ಚಾದಷ್ಟೂ ಜೆಲ್ ಗಟ್ಟಿ. ಆದರೆ ಗಟ್ಟಿ ಜೆಲ್ಲಿನ ದುರಭಿಮಾನ ಬೇರೆ. ನೀರು ಕುದಿಯುವ ಬಿಸಿಯಲ್ಲೂ ಅದು ಸಿಂಬಳದಂತೆ ಎಳೆಎಳೆಯಾಗಿ, ಸುರಿಯಲು ಒಲ್ಲೆ ಎನ್ನುತ್ತದೆ. ಒಳಗೆ ಸಿಕ್ಕ ಗಾಳಿ ಗುಳ್ಳೆ ಮೇಲೆ ಬರದು. ಇನ್ನೂ ಕಾಯಿಸೋಣವೆಂದರೆ ಹೊಗೆ. ಅದು ಎಣ್ಣೆ, ಹೊತ್ತಿಕೊಂಡರೆ ನೀರು ಹಾಕುವಂತಿಲ್ಲ, ತಟ್ಟೆ ಮುಚ್ಚಬೇಕು. ಹಚ್ಚಿದ ಮೇಲೂ ಇಷ್ಟು ಮಂದ ರಸ ಬತ್ತಿಗುಂಟ ಸರಾಗ ಏರುವುದಿಲ್ಲ, ಜ್ವಾಲೆ ಹಸಿದು ಸಣ್ಣಗಾಗುತ್ತದೆ. ಸಾಮಾನ್ಯ ಮೇಣದಲ್ಲಿ ಅದ್ದಿದ ಬತ್ತಿ ಇಟ್ಟರೆ ಆ ಮೇಣ ಬಿಟ್ಟುಕೊಂಡು ಸುತ್ತಲೂ ಮಂಜು ಕವಿಯುತ್ತದೆ; ಬತ್ತಿಯನ್ನೂ ಜೆಲ್ಲಿನಲ್ಲೇ ಅದ್ದಬೇಕು. ಇದನ್ನು ಕಲಿಯುವಷ್ಟರಲ್ಲಿ ಒಂದು ಕಿಲೋ ಮಾಲು ಹಾಳು. ಗಟ್ಟಿ ನಮೂನೆಯ ಜೆಲ್ ಬೇಕೆಂದು ಊರ ಹೊರಗಿನ ವ್ಯಾಪಾರಿಯೊಬ್ಬನಿಗೆ ದುಡ್ಡು ಕಳಿಸಿದರೆ ಆತ ಮೆತ್ತನೆಯದನ್ನೇ ಕಳಿಸಿ, ಫೋನು ಎತ್ತುವುದನ್ನು ಬಿಟ್ಟ. ಅದೊಂದು ತಿಂಗಳು ಮನೆಯಲ್ಲಿ ಮೇಣದ ಮಾತು ಎತ್ತುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಸರಿಯಾದ ಮಾಲು ಬಂತು. ಸ್ಟೀಲಿನ ಉದ್ದ ಲೋಟದಲ್ಲಿ ಹೊಯ್ದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಲೋಟ ಡಬ್ಬು ಹಾಕಿ ತಟ್ಟಿದಳು. ಪ್ಳಕ್ಕನೆ ಹೊರಬಂತು. ನಿಂತಿತು! ಕಿಟಕಿಯ ಬಿಸಿಲು ಅದರೊಳಗೆ ಹಾದು ಕಟ್ಟೆಯ ಮೇಲೊಂದು ಬೆಳಕಿನ ಗೆರೆ ಎಳೆಯಿತು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು, ಬಿಟ್ಟೊಡನೆ ಮತ್ತೆ ಮೊದಲಿನಂತೆ. ಕಿತ್ತೂರಿನ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕಿಂಡಿ ಬಿಟ್ಟಿದ್ದಾರಲ್ಲ, ಇಂಥ ಗೋಡೆ ಇದ್ದಿದ್ದರೆ ಆ ಕಿಂಡಿಯೇ ಬೇಕಿರಲಿಲ್ಲ ಎಂದೆ. ಗೋಡೆಗೆ ಒರಗಿದವರ ಗತಿಯೇನು ಎಂದಳು. ಹಚ್ಚಿದೆವು. ಹತ್ತು ನಿಮಿಷ ಉರಿಯಿತು. ಆಮೇಲೆ ಫ್ಯಾರಡೆಯ ಬಟ್ಟಲಿನ ಅಂಚು ಮೆತ್ತಗಾಗಿ, ತಲೆ ಒಂದು ಕಡೆ ವಾಲಿ, ಕಾದ ರಸ ಕಟ್ಟೆಗೆ ಇಳಿಯಿತು. ಏಪ್ರಿಲ್ ತಿಂಗಳು ಬೇರೆ. ಒಂದು ಮಾದರಿಯನ್ನು ರಾಮದುರ್ಗಕ್ಕೆ ಕಳಿಸಿದ್ದೆವು; ಅಲ್ಲಿಯ ಬಿಸಿಲಿಗೆ ಅದು ಹಚ್ಚದೆಯೇ ಸಂಜೆಯೊಳಗೆ ಕೂತುಬಿಟ್ಟಿತಂತೆ. ಸವದತ್ತಿಯ ನಾದಿನಿ ತನ್ನದನ್ನು ಮಾಳಿಗೆಯ ಮೇಲಿಟ್ಟು ಹಚ್ಚಲು ಹೋದಳು. ಗಾಳಿಯಂತ್ರ ನೆಟ್ಟ ಗುಡ್ಡಗಳ ಊರಿನ ಗಾಳಿಗೆ ಒಂದು ಪೆಟ್ಟಿಗೆ ಕಡ್ಡಿ ಖಾಲಿಯಾಯಿತೇ ಹೊರತು ಬತ್ತಿ ಹತ್ತಲಿಲ್ಲ. ‘ನಮ್ಮ ಎಲ್ಲಮ್ಮಗ ಎಣ್ಣಿ ದೀಪಾನ ಸಾಕು’ ಎಂದು ಫೋನಿನಲ್ಲೇ ಮಂಗಳ ಹಾಡಿದಳು.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಕಾಗದದ ತಿರುಳಿಗಾಗಿ ಪೈನ್ ಮರ ಬೇಯಿಸುವಾಗ ಒಂದು ಎಣ್ಣೆ ಉಳಿಯುತ್ತದೆ. ಅದರ ಕೊಬ್ಬಿನಾಮ್ಲಗಳಿಂದ ಮಾಡುವ ಪಾಲಿಅಮೈಡ್ ರಾಳ ನೈಲಾನ್ ಸೀರೆಯ ದಾಯಾದಿ. ಅಮೆರಿಕದ ರಸಾಯನಜ್ಞರು 1990ರ ದಶಕದಲ್ಲಿ ಈ ಜಾತಿಯ ರಾಳದಿಂದ ತಿಳಿಯಾದ ಜೆಲ್‌ಗಳನ್ನು ಮಾಡಿ ಪೇಟೆಂಟ್ ಪಡೆದರು. ನಾನು ಉತ್ಸಾಹದಿಂದ ಇದನ್ನೆಲ್ಲ ಓದಿ ಹೇಳಿದರೆ ಮನೆಯಾಕೆ, ‘ಪೈನ್ ಗಿಡ ಸಂಗೊಳ್ಳಿ ಹಾದ್ಯಾಗ ಅದಾವೇನ್ರಿ?’ ಎಂದು ಕೇಳಿದಳು. ಜಾಲಿಯ ಗಿಡ ಇವೆ ಎಂದೆ.

ಆಕೆಯೇ ಒಂದು ಯುಕ್ತಿ ಮಾಡಿದಳು. ಗಟ್ಟಿ ಜೆಲ್ಲಿನ ಕಂಬದ ತಲೆಯಲ್ಲೊಂದು ಕುಳಿ, ಕುಳಿಯಲ್ಲಿ ಅಲ್ಯುಮಿನಿಯಂನ ಪುಟ್ಟ ಬಟ್ಟಲು, ಅದರೊಳಗೆ ಸಾಮಾನ್ಯ ಮೇಣ. ಉರಿಯುವುದು ಒಳಗಿನ ಮೇಣ, ಹೊಳೆಯುವುದು ಹೊರಗಿನ ಜೆಲ್. ಮುಕ್ಕಾಲು ಗಂಟೆ ಕಂಬ ನೆಟ್ಟಗೆ ನಿಂತಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಜಪಮಣಿ ಎಣಿಸುತ್ತ ಕೂತಿದ್ದ ಅವ್ವ ಕಣ್ಣೆತ್ತಿ, ‘ಇಷ್ಟ ದಿನ ಗುದ್ದ್ಯಾಡಿ ಮತ್ತ ಬಟ್ಟಲಾನ ಇಟ್ಟೇನಬೇ?’ ಎಂದಳು. ಬಟ್ಟಲು ಕಾದು ಕಂಬ ಸೊಟ್ಟಗಾದದ್ದು ಆಮೇಲೆ. ಅದಕ್ಕೂ ಮೊದಲೇ, ಆ ಮಾತಿಗೇ, ಆಟ ಮುಗಿದಿತ್ತು.

ಸಂಘದವರು ಈಗ ಶೇಂಗಾ ಚಟ್ನಿ, ರೊಟ್ಟಿಗೆ ಹೊರಳಿದ್ದಾರೆ. ನಾನು ಮಾತ್ರ ಜೆಲ್ಲಿನ ಬೆನ್ನು ಬಿಟ್ಟಿಲ್ಲ. ಅದರ ಬಂಧುಬಳಗ ಲೋಕದ ತುಂಬ ಇದೆ. ಮೊಬೈಲಿಗೆ ಮೊದಲು, ಟೆಲಿಫೋನಿನ ಕೇಬಲ್ ಹೂಳಲು ರಸ್ತೆ ಅಗೆದಾಗ, ತುಂಡಾದ ತಂತಿಯ ಬಣ್ಣಕ್ಕೆ ಆಸೆಪಟ್ಟು ಹುಡುಗರು ಕೈ ಹಾಕಿ ಮೈಯೆಲ್ಲ ಅಂಟು ಬಳಿದುಕೊಳ್ಳುತ್ತಿದ್ದರು. ನೀರು ಒಳಗೆ ನುಗ್ಗದಂತೆ ತಂತಿಗಳ ಸಂದಿಗೆ ತುಂಬಿದ್ದ ಆ ಜೆಲ್ಲಿಯೂ ಇದೇ ಪೆಟ್ರೋಲಿಯಂ ಕುಲದ್ದು. ಮೇಣಬತ್ತಿಯ ಜೆಲ್ಲಿನಲ್ಲೇ ಹುಸಿ ಮಾಂಸ ಮಾಡಿಕೊಂಡು, ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸೂಜಿ ಚುಚ್ಚುವುದನ್ನು ಕಲಿಯುವ ವೈದ್ಯರೂ ಇದ್ದಾರೆ. ಬೂಟಿನೊಳಗಿನ ಮೆತ್ತೆ, ಗೋಡೆಗೆಸೆದರೆ ಅಂಟಿಕೊಂಡು ಇಳಿಯುವ ಜಾತ್ರೆಯ ಆಟಿಕೆ ಕೈ, ಎಲ್ಲ ಇದರದೇ ಹತ್ತಿರದ ಸಂಬಂಧ.

ಹೀಗೆ ಇತರ ಉಪಯೋಗಗಳ ಮೇಲೆ ಒಂದು ಲೇಖನ ಬರೆಯೋಣವೆಂದು ಮೊನ್ನೆ ಬೆಳಿಗ್ಗೆ ಕೂತಿದ್ದೆ. ಅಡುಗೆಮನೆಯಲ್ಲಿ ಮಿಕ್ಸರ್ ಸದ್ದು. ನಮ್ಮ ಮಿಕ್ಸರ್ ಹಚ್ಚಿದರೆ ಕಟ್ಟೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಕೊಂಡು ಹೋಗುವಂಥದ್ದು. ಒಬ್ಬರು ಹಿಡಿದು ನಿಲ್ಲಲೇಬೇಕು. ಅಂದು ಯಾರೂ ನನ್ನನ್ನು ಕರೆಯಲಿಲ್ಲ. ಹೋಗಿ ನೋಡಿದರೆ ಅವ್ವ ಸೋತುಹೋದ ಜೆಲ್ಲಿನ ಒಂದು ಗಡ್ಡೆಯನ್ನು ತಟ್ಟಿ ಚಪ್ಪಟೆ ಮಾಡಿ, ತಟ್ಟೆಯಲ್ಲಿಟ್ಟು, ಅದರ ಮೇಲೆ ಮಿಕ್ಸರ್ ಕೂರಿಸಿದ್ದಾಳೆ. ಮಿಕ್ಸರ್ ಇದ್ದಲ್ಲೇ ನಿಂತು ಗುರುಗುಟ್ಟುತ್ತಿದೆ. ತಟ್ಟೆಯ ಅಂಚಿನಲ್ಲಿ ಒಸರಿದ ಎಣ್ಣೆಯ ಸಣ್ಣ ಹೊಳಪು.

‘ಭಾಳ ಚಲೋ ಮಾಡ್ಯಾಳಪಾ ನಿನ್ನ ಹೆಂಡತಿ,’ ಎಂದಳು ಅವ್ವ ಗುಂಡಿ ತಿರುಗಿಸಿ ನಿಲ್ಲಿಸುತ್ತ. ‘ಆದ್ರ ಇದಕ್ಕ ಬತ್ತಿ ಯಾಕ ಹಾಕ್ಯಾಳ? ಚಟ್ನಿ ರುಬ್ಬುಮುಂದ ಕೈಗೆ ತೊಡರ್ತೈತಿ.’