ಕೋರಂ ಸಾಲದ ಸಭೆ

ಇಬ್ಬರೋ ಮೂವರೋ ಕೂಡಿದರೆ ಸಾಕೆಂದು ಕರ್ತನು ಕೋರಮ್ಮನ್ನು ಅಷ್ಟು ಅಗ್ಗಕ್ಕೆ ಇಳಿಸಿದ್ದು, ಕರಾವಳಿಯ ನಮ್ಮ ಸಿ.ಎಸ್.ಐ. ಸಭೆಯನ್ನು ಎರಡು ಸಾವಿರ ವರ್ಷ ಮೊದಲೇ ಕಂಡಿದ್ದರಿಂದ ಇರಬೇಕು. ಸಭಾ ಪಟ್ಟಿಯಲ್ಲಿ ಹೆಸರುಗಳು ಪುಟಗಟ್ಟಲೆ. ಭಾನುವಾರ ಬೆಂಚುಗಳ ಮೇಲೆ ಕಾಣುವುದು ಅರ್ಧ ಪುಟ.

ದೂರುವ ಹಕ್ಕು ನನಗಿಲ್ಲ, ನಾನೂ ಕೊನೆಯ ಬೆಂಚಿನವನೇ. ಮೇಲೆ ಫ್ಯಾನು, ಪಕ್ಕದಲ್ಲೇ ಬಾಗಿಲು. ಅಯ್ಯನವರು ಆಶೀರ್ವಾದಕ್ಕೆ ಎತ್ತಿದ ಕೈ ಇಳಿಸುವುದಕ್ಕೂ ನನ್ನ ಸ್ಕೂಟರು ಸ್ಟಾರ್ಟ್ ಆಗುವುದಕ್ಕೂ ಸರಿಹೋಗುತ್ತದೆ. ಕೇಳಿದವರಿಗೆ ಹೇಳಲು ನನ್ನ ಹತ್ತಿರ ವಾಕ್ಯಾಧಾರವೂ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲೇ ಚಕ್ಕರ್ ಹೊಡೆಯುವವರ ಪ್ರಸ್ತಾಪ ಬರುತ್ತದಲ್ಲ! ನಮ್ಮದು ಚಾಳಿಯಲ್ಲ ಸ್ವಾಮಿ, ಪರಂಪರೆ.

ತ್ರೋವದಲ್ಲಿ ಪೌಲನು ಮಧ್ಯರಾತ್ರಿಯವರೆಗೆ ಪ್ರಸಂಗ ಎಳೆದಾಗ, ಕಿಟಕಿಯಲ್ಲಿ ಕೂತು ತೂಕಡಿಸುತ್ತಿದ್ದ ಯೂತಿಖ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲನೇ ಇಳಿದು ಓಡಿ ಬಂದು ಅಪ್ಪಿಕೊಂಡ. ಪಾಪ, ಹುಡುಗ ನಿದ್ದೆ ಮಾಡುವುದಕ್ಕಾದರೂ ಬಂದಿದ್ದ! 2020ರ ಲಾಕ್‌ಡೌನಿನಲ್ಲಿ ಯೂಟ್ಯೂಬ್ ಆರಾಧನೆ ಶುರುವಾಯಿತು ನೋಡಿ, ಅಂದಿನಿಂದ ನಮ್ಮ ಯೂತಿಖರು ಸೋಫಾದ ಮೇಲೆಯೇ ತೂಕಡಿಸುತ್ತಾರೆ. ಲಾಕ್‌ಡೌನ್ ಮುಗಿಯಿತು, ಸೋಫಾ ಮುಗಿಯಲಿಲ್ಲ. ಪಾಪನಿವೇದನೆಯ ಹೊತ್ತಿಗೆ ಒಗ್ಗರಣೆ, ಪ್ರಸಂಗಕ್ಕೆ ಫಾರ್ವರ್ಡ್, ಕಾಣಿಕೆ ಬರುವಷ್ಟರಲ್ಲಿ ನೆಟ್‌ವರ್ಕ್ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪೇಚು ಕಾಯರಿನದು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದವರು ಹೆಂಚು ಕೊಟ್ಟರು, ಅಚ್ಚುಕೂಟ ಕೊಟ್ಟರು, ಜತೆಗೆ ಜರ್ಮನ್ ರಾಗದಲ್ಲಿ ಹಾಡುವ ಕನ್ನಡ ಸಂಗೀತಗಳನ್ನೂ ಕೊಟ್ಟು ಹೋದರು. ಅದಕ್ಕೆ ನಾಲ್ಕು ಧ್ವನಿ ಬೇಕು. ಒಬ್ಬನೇ ಭಕ್ತ ಒಂದು ತಂಬೂರಿ ಹಿಡಿದು ಮುಗಿಸುವ ವ್ಯವಹಾರವಲ್ಲ ಅದು. ನಮ್ಮಲ್ಲಿ ಸದ್ಯ ಸೊಪ್ರಾನೊ ಮೂವರು, ಮೊಮ್ಮಗುವಿಗೆ ಜ್ವರ ಇಲ್ಲದಿದ್ದರೆ ಆಲ್ಟೊ ಒಬ್ಬರು, ಟೆನರ್ ದುಬೈಯಲ್ಲಿ. ಬೇಸ್ ಅಂದರೆ ಮುಂದಿನ ಸಾಲಿನ ಒಬ್ಬ ಹಿರಿಯರು. ಅವರು ಕೆಮ್ಮಿದ ವಾರ ಇಡೀ ಹಾರ್ಮನಿಯೇ ಕೆಮ್ಮುತ್ತದೆ. ‘ನೀವಾದರೂ ಬನ್ನಿ’ ಎಂದು ಯಾರನ್ನು ಕರೆದರೂ ಒಂದೇ ಉತ್ತರ: ‘ನನಗೆ ಸ್ವರ ಇಲ್ಲ ಮಾರಾಯ್ರೆ.’

ಆ ಸ್ವರವನ್ನು ವಾರ್ಷಿಕ ಮಹಾಸಭೆಯಲ್ಲಿ ಕೇಳಬೇಕು! ಬಾಕಿ ಚಂದಾವನ್ನೆಲ್ಲ ಹಿಂದಿನ ವಾರವೇ ಕಟ್ಟಿ, ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಎರಡೆರಡು ಸಲ ನೋಡಿ, ಇಸ್ತ್ರಿ ಅಂಗಿ ತೊಟ್ಟು ಬಂದಿರುತ್ತಾರೆ. ಹಾಲಿನ ಬಾಡಿಗೆ ಎಲ್ಲಿ ಹೋಯಿತು? ಸ್ಮಶಾನದ ಗೋಡೆಗೆ ಅಷ್ಟೊಂದು ಸಿಮೆಂಟು ಯಾಕೆ? ಸೊಪ್ರಾನೊದಿಂದ ಬೇಸ್‌ವರೆಗೆ ನಾಲ್ಕೂ ಧ್ವನಿ ಒಟ್ಟಿಗೆ ಏಳುತ್ತವೆ. ಮೈಕಿನ ಅಗತ್ಯವೇ ಬೀಳುವುದಿಲ್ಲ. ಪ್ರತಿ ಶನಿವಾರ ಬಂದು ವೇದಿಯ ಧೂಳು ಹೊಡೆದು ಹೂ ಇಡುವ ಆಂಟಿ ಮಾತ್ರ ಬಾಯಿ ತೆರೆಯಲಿಲ್ಲ. ಅವರಿಗೆ ಪುರುಸೊತ್ತೆಲ್ಲಿ, ಅಷ್ಟೂ ಜನಕ್ಕೆ ಚಹಾ ಸೋಸುತ್ತಿದ್ದರು.

ಬೆಂಚು ಸಾಲದ ಇನ್ನೊಂದು ದಿನ ಸುಗ್ಗಿ ಹಬ್ಬದ ಏಲಂ. ಹೋದ ಸಲ ಒಂದು ಕುಂಬಳಕಾಯಿ 50 ರೂಪಾಯಿಯಿಂದ ಹೊರಟು, ಇಬ್ಬರ ಜಿದ್ದಿಗೆ ಸಿಕ್ಕಿ, 6,000ಕ್ಕೆ ಹೋಗಿ ನಿಂತಿತು. ಗೆದ್ದವರನ್ನು ನಾನು ಈಸ್ಟರಿನಿಂದ ಚರ್ಚಿನಲ್ಲಿ ನೋಡಿರಲಿಲ್ಲ. (ಅವರೂ ನನ್ನನ್ನು ನೋಡಿರಲಿಲ್ಲ, ಅದು ಬೇರೆ ಮಾತು.) ಚಪ್ಪಾಳೆ ಬಿತ್ತು, ಕಾಯಿಯನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ‘ಈಗ ಡಿಕ್ಕಿ ಫುಲ್ಲು, ಮುಂದಿನ ಭಾನುವಾರ ಬಂದು ಒಯ್ಯುತ್ತೇನೆ’ ಎಂದು ಅದನ್ನು ವೆಸ್ಟ್ರಿಯಲ್ಲೇ ಬಿಟ್ಟು ಹೋದರು.

ಮುಂದಿನ ಭಾನುವಾರ ಬಂತು. ಅದರ ಮುಂದಿನದೂ ಬಂತು. ಮೂರನೆಯ ವಾರ ತೊಟ್ಟಿನ ಬಳಿ ಬೆರಳೊತ್ತಿದರೆ ಒಳಗೆ ಹೋಗುವಂತಾದಾಗ, ಸ್ತ್ರೀಸಂಘದವರು ಕೊಳೆತದ್ದನ್ನು ಕೆತ್ತಿ ತೆಗೆದು ಪಲ್ಯ ಮಾಡಿದರು. ಆರಾಧನೆಗೆ ಬಂದವರಿಗೆಲ್ಲ ಒಂದೊಂದು ಸೌಟು. ಆ ವಾರ ಹೇಗೋ ನಾನೂ ಇದ್ದೆ. ಯಜಮಾನರ ಮನೆಗೂ ಒಂದು ಡಬ್ಬಿ ಮುಟ್ಟಿಸೋಣವೆಂದರೆ, ಅವರು ಮನೆ ಬದಲಾಯಿಸಿ ಎಲ್ಲಿಗೆ ಹೋಗಿದ್ದಾರೆಂದು ಅಲ್ಲಿದ್ದ ಯಾರಿಗೂ ಗೊತ್ತಿಲ್ಲ. ಕೊನೆಗೆ ಪಲ್ಯದ ಫೋಟೊವನ್ನೇ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದೆವು. ಎರಡು ನಿಮಿಷದಲ್ಲಿ ಉತ್ತರ ಬಂತು: ಮುಗಿದ ಎರಡು ಕೈ, ಪಕ್ಕದಲ್ಲಿ ‘ಆಮೆನ್’.