ಕೆಡದ ಹಾಲಿಗೆ ಹೆಪ್ಪು

ಹಾಲು ಅನ್ನಿಸಿಕೊಳ್ಳಬೇಕಾದರೆ ಅದಕ್ಕೆ ಕೆಡುವ ಯೋಗ್ಯತೆ ಇರಬೇಕು ಎಂಬುದು ನಮ್ಮತ್ತೆಯ ಸಿದ್ಧಾಂತ. ಕಾಯಿಸದೆ ಬಿಟ್ಟರೆ ಮಧ್ಯಾಹ್ನಕ್ಕೆ ಒಡೆಯಬೇಕು, ಕಾಯಿಸುವಾಗ ಫೋನ್ ಬಂದರೆ ಉಕ್ಕಿ ಒಲೆಯೆಲ್ಲ ಹರಿಯಬೇಕು, ಆರಿದ ಮೇಲೆ ಕೆನೆ ಕಟ್ಟಬೇಕು. ಇದ್ಯಾವುದನ್ನೂ ಮಾಡದೆ ಬೇಳೆ ಡಬ್ಬಿಗಳ ಪಕ್ಕದಲ್ಲಿ ತಿಂಗಳುಗಟ್ಟಲೆ ತೆಪ್ಪಗೆ ನಿಂತಿರುವ ರಟ್ಟಿನ ಪೊಟ್ಟಣವನ್ನು ಅವರು ನೋಡುವ ನೋಟವೇ ಬೇರೆ.

“ಫ್ರಿಜ್ಜಿಲ್ಲದೆ ಇಷ್ಟು ದಿನ ಇರತ್ತೆ ಅಂದ್ರೆ ಏನು ಹಾಕಿರ್ತಾರೋ, ಆ ಶಿವನಿಗೇ ಗೊತ್ತು!”

ಹಾಕುವುದೇನೂ ಇಲ್ಲ ಅತ್ತೆ, ಎಲ್ಲ ಕಾಯಿಸುವುದರಲ್ಲೇ ಇದೆ ಎಂದೆ. ಬೆಳಿಗ್ಗೆ ಬಾಗಿಲಿಗೆ ಬರುವ ಪ್ಯಾಕೆಟ್ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿ ಮಾಡಿ ತಣಿಸಿರುತ್ತಾರೆ. ರೋಗ ತರುವ ಕ್ರಿಮಿಗಳು ಸಾಯುತ್ತವೆ, ಹಾಲು ಕೆಡಿಸುವ ಕೆಲವು ಗಟ್ಟಿ ಜೀವಗಳು ಉಳಿದುಕೊಳ್ಳುತ್ತವೆ. ಈ ಪೊಟ್ಟಣದ ಹಾಲನ್ನಾದರೋ 135 ಡಿಗ್ರಿ ದಾಟಿಸಿ, ಕೆಲವೇ ಸೆಕೆಂಡು ಇಟ್ಟು, ಥಟ್ಟನೆ ತಣಿಸಿ, ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳ ಪೊಟ್ಟಣಕ್ಕೆ ಗಾಳಿ ಸೋಕದಂತೆ ತುಂಬುತ್ತಾರೆ. ಕೆಡಿಸುವವರೇ ಇಲ್ಲದ ಮೇಲೆ ಕೆಡುವುದೆಲ್ಲಿಂದ ಬಂತು? ಸ್ವೀಡನ್ನಿನ ಟೆಟ್ರಾ ಪಾಕ್‌ನವರು ಇಂಥ ಪೊಟ್ಟಣವನ್ನು 1961ರಲ್ಲೇ ಹೊರತಂದಿದ್ದರು, ಅಂದರೆ ಅತ್ತೆ ಮದುವೆಯಾಗುವುದಕ್ಕೂ ಮುಂಚೆ. ಅಷ್ಟು ಹಿರಿಯ ವಸ್ತುವಿಗೆ ಕೊಂಚ ಮರ್ಯಾದೆ ಕೊಡಬಹುದಿತ್ತು.

“ಹೆಪ್ಪಾಗಲಿ, ಆಮೇಲೆ ಹಾಲು ಅಂತೀನಿ” ಎಂದು ಅತ್ತೆ ತೀರ್ಪು ಮುಂದಕ್ಕೆ ಹಾಕಿದರು. 135 ಡಿಗ್ರಿಯ ಬೆಂಕಿಯಲ್ಲಿ ಗೆದ್ದು ಬಂದ ಹಾಲಿಗೆ ನಮ್ಮನೆಯಲ್ಲಿ ಇನ್ನೊಂದು ಪರೀಕ್ಷೆ. ಸೀತಮ್ಮನಿಗೂ ಒಂದೇ ಸಲಕ್ಕೆ ಮುಗಿಯಲಿಲ್ಲವಲ್ಲ.

ಈ ಹಾಲನ್ನು ಮತ್ತೆ ಕಾಯಿಸುವ ಅಗತ್ಯವೇ ಇಲ್ಲ, ಉಗುರುಬೆಚ್ಚಗಿನದಕ್ಕಿಂತ ಒಂದಿಷ್ಟು ಜಾಸ್ತಿ, 40–43 ಡಿಗ್ರಿ ಮಾಡಿಕೊಂಡರೆ ಸಾಕು. ಅತ್ತೆಯ ಕಿರುಬೆರಳು ಈ ಲೆಕ್ಕದಲ್ಲಿ ಯಾವ ಥರ್ಮಾಮೀಟರಿಗೂ ಕಡಿಮೆಯಿಲ್ಲ. ಬೆರಳದ್ದಿ, “ಹೂಂ” ಎಂದರು. ಒಂದು ಚಮಚ ಮೊಸರನ್ನು ಕದಡಿ ಹಾಕಿ, ಮುಚ್ಚಿ, ಡಿಸೆಂಬರ್ ಚಳಿಯಾದ್ದರಿಂದ ಪಾತ್ರೆಯನ್ನು ಹಾಟ್ ಬಾಕ್ಸಿನೊಳಗೆ ಕೂರಿಸಿದೆವು. ಬೆಳಿಗ್ಗೆ ಮುಚ್ಚಳ ತೆಗೆದರೆ ಹೆಪ್ಪಾಗಿದೆ! ಪಾತ್ರೆ ವಾಲಿಸಿದರೆ ಮಾತ್ರ ಮೊಸರೂ ವಿನಯದಿಂದ ವಾಲಿತು. ಅತ್ತೆ ಸೌಟಿನಿಂದ ಎತ್ತಿ ಸುರಿದು ನೋಡಿ, “ಮಜ್ಜಿಗೆಗೆ ಅರ್ಧ ದಾರಿ ತಾನೇ ನಡೆದಿದೆ” ಎಂದರು. ಮುಂದಿನ ಸಲ ಹಾಲು ಬೆಚ್ಚಗಾಗುವಾಗಲೇ ಎರಡು ಚಮಚ ಹಾಲಿನ ಪುಡಿ ಕಲಸಿದೆ. ಸೌಟು ನಿಲ್ಲುವಷ್ಟು ಗಟ್ಟಿಯಾಯಿತು. ಪುಡಿಯ ವಿಷಯ ಅತ್ತೆಗೆ ಹೇಳಿಲ್ಲ, ನೀವೂ ಹೇಳಬೇಡಿ.

ಪನೀರಿನ ಕಥೆ ಇನ್ನೂ ಸೂಕ್ಷ್ಮ. ಹಾಲು ಒಡೆಯದಿರಲಿ ಎಂದು ಜೀವಮಾನವಿಡೀ ಒಲೆ ಮುಂದೆ ಕಾವಲು ನಿಂತವರ ಎದುರಿಗೆ, ಕುದಿಯುವ ಹಾಲಿಗೆ ಬೇಕೆಂದೇ ನಿಂಬೆಹಣ್ಣು ಹಿಂಡುವುದು ಸಣ್ಣ ಧೈರ್ಯವಲ್ಲ. “ಶುಕ್ರವಾರ ಒಂದು ಬಿಟ್ಟು ಯಾವತ್ತಾದ್ರೂ ಮಾಡ್ಕೋ” ಎಂದರು. ಶನಿವಾರ ಹಿಂಡಿದೆ. ಮಾಮೂಲಿ ಹಾಲಾದರೆ ದಪ್ಪ ದಪ್ಪ ಗಡ್ಡೆಗಳಾಗಿ ಬೇರೆ, ಹಸಿರು ಬಣ್ಣದ ತಿಳಿನೀರು ಬೇರೆ ಆಗುತ್ತದೆ. ಇದು ಹಾಗಲ್ಲ, ಚಿರೋಟಿ ರವೆಯ ಹಾಗೆ ಸಣ್ಣ ಸಣ್ಣ ಕಾಳಾಗಿ ನೀರಿನಲ್ಲೇ ತೇಲಾಡುತ್ತದೆ. ಆ ಅತಿಬಿಸಿಗೆ ತಿಳಿನೀರಿನ ಪ್ರೋಟೀನು ಸ್ವರೂಪ ಕಳೆದುಕೊಂಡು, ಗಡ್ಡೆಯಾಗುವ ಪ್ರೋಟೀನಾದ ಕೇಸೀನಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಕೇಸೀನಿನ ಕಣಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುವುದಿಲ್ಲ. ಫ್ರಾನ್ಸಿನಲ್ಲಿ ಮನೆಬಳಕೆಗೆ ಮಾರಾಟವಾಗುವ ಹಾಲಿನಲ್ಲಿ ಹೆಚ್ಚಿನದು ಇಂಥದ್ದೇ. ಆದರೂ ಅಲ್ಲಿನ ಚೀಸ್ ಮಾಡುವವರು ಇದರ ತಂಟೆಗೆ ಹೋಗುವುದಿಲ್ಲ, ಏಕೆಂದರೆ ಅವರ ಹೆಪ್ಪಾದ ರೆನೆಟ್ ಹಾಕಿದರೆ ಇದು ಸರಿಯಾಗಿ ಹೆಪ್ಪುಗಟ್ಟುವುದೇ ಇಲ್ಲ. ನಮ್ಮ ನಿಂಬೆಹಣ್ಣಿಗೆ ಅಷ್ಟು ಬಿಗುಮಾನವಿಲ್ಲ.

ಜರಡಿಯಲ್ಲಿ ಸೋಸಿದರೆ ಅರ್ಧ ಕೆಳಗಿಳಿಯುತ್ತದೆ, ಹಳೆಯ ಪಂಚೆಯ ತುಂಡೇ ಬೇಕು. ಗಂಟು ಕಟ್ಟಿ, ಮೇಲೆ ಕುಟ್ಟಾಣಿ ಹೇರಿ ಗಂಟೆಗಟ್ಟಲೆ ಕಾದರೂ ಹೋಟೆಲಿನ ಚೌಕ ತುಂಡು ಬರುವುದಿಲ್ಲ. ಪಾಲಕ್ ಗ್ರೇವಿಗೆ ಹಾಕಿದರೆ ಕರಗಿ ಮಾಯ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬುರ್ಜಿ ಮಾಡಿ, ಇಲ್ಲವೇ ಪರೋಟದೊಳಗೆ ತುಂಬಿ, ಬೆಣ್ಣೆಯಂತೆ ಮೃದು. ಉಳಿದ ನೀರು ಚಪಾತಿ ಹಿಟ್ಟಿಗೆ.

ಅತ್ತೆ ಎರಡು ಪರೋಟ ತಿಂದು, ಕೈ ತೊಳೆದುಕೊಂಡು ಕೇಳಿದರು: “ಎಲ್ಲ ಸರಿ, ಬೆಣ್ಣೆ ಎಲ್ಲಿ?”

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಾರ್ಖಾನೆಯಲ್ಲೇ ಹಾಲಿನ ಕೊಬ್ಬನ್ನು ನುಣ್ಣಗೆ ಒಡೆದು ಬೆರೆಸಿರುವುದರಿಂದ ಕೆನೆ ಮೇಲೇಳುವುದಿಲ್ಲ, ಕಡೆದರೂ ಬೆಣ್ಣೆ ಬಾರದು. ತುಪ್ಪದ ಆಸೆಯಿದ್ದವರು ಹಸು ಕಟ್ಟಿದವರ ಮನೆಗೇ ಹೋಗಬೇಕು. ಮೊಸರಿಗಾದರೆ ಈ ಪೊಟ್ಟಣವೇ ಸಾಕು, ಇವತ್ತೇ ಮಾಡಿ ನೋಡಿ. ಪಕ್ಕದ ಮನೆಯಿಂದ ಹೆಪ್ಪು ತರುವುದಿದ್ದರೆ ದೀಪ ಹಚ್ಚುವ ಮುಂಚೆಯೇ ಹೋಗಿ, ಆಮೇಲೆ ಯಾರೂ ಕೊಡುವುದಿಲ್ಲ.