ಕರೆಂಟಿಗೆ ಹೋಗುವವರು ಹಲ್ಲು ಕಳೆದುಕೊಳ್ಳುವ ಕ್ರಮ

ಬಾಯಿಯಲ್ಲೋ ಗಂಟಲಲ್ಲೋ ಕ್ಯಾನ್ಸರ್ ಎಂದು ಗೊತ್ತಾಗಿದೆ. ಆರೇಳು ವಾರ, ವಾರಕ್ಕೆ ಐದು ದಿನ ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕು ಅಂದಿದ್ದಾರೆ. ಕಾಯಿಲೆಯನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಹಲ್ಲು ಕಳೆದುಕೊಳ್ಳುವ ಕೆಲಸ ಮಾತ್ರ ನಿಮ್ಮದೇ. ನಮ್ಮೂರು ಕಲ್ಹೇರಿನಿಂದ ಆಸ್ಪತ್ರೆ ಇರುವ ಹೈದರಾಬಾದಿಗೆ ದಾರಿ ಉದ್ದವಿದೆ. ಬಸ್ಸಿನಲ್ಲಿ ಕೂತು ಈ ಕ್ರಮವನ್ನು ಓದಿಕೊಳ್ಳಿ.

ಒಂದು: ಹಲ್ಲಿನ ಡಾಕ್ಟರನ್ನು ಕೊನೆಗೆ ಇಟ್ಟುಕೊಳ್ಳಿ. ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ 1955ರಿಂದ ಇದೆ. ಅದೇ ಊರಿನ ಅಫ್ಜಲ್‌ಗಂಜ್‌ನಲ್ಲಿ ಸರ್ಕಾರಿ ದಂತ ಕಾಲೇಜಿದೆ. ನಡುವೆ ಒಂದು ಆಟೋ ದೂರ. ಆ ಆಟೋ ಹತ್ತಬೇಡಿ. ಹುಳುಕು ಹಲ್ಲನ್ನು ಕರೆಂಟ್ ಶುರುವಾಗುವ ಮೊದಲೇ ಕೀಳಿಸಿದರೆ ಗಾಯ ಮಾಯಲು ಎರಡು ಮೂರು ವಾರ ಸಿಗುತ್ತದೆ, ದವಡೆ ಉಳಿದುಬಿಡುತ್ತದೆ. ಹಾಗಾಗದಂತೆ ನೋಡಿಕೊಳ್ಳಲು ಕಾಕಾನನ್ನು ಜೊತೆಗೆ ಕರೆದುಕೊಂಡು ಹೋಗಿ. "ಕ್ಯಾನ್ಸರ್ ಮುಂದೆ ಹಲ್ಲು ಯಾವ ಲೆಕ್ಕ?" ಎಂದು ಕೇಳುವ ಒಬ್ಬ ಕಾಕಾ ಪ್ರತಿ ಮನೆಯಲ್ಲೂ ಇರುತ್ತಾರೆ.

ಎರಡು: ಹೇಳಿದ್ದನ್ನು ಮತ್ತೊಮ್ಮೆ ಕೇಳಬೇಡಿ. ಚೀಟಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ನರ್ಸಮ್ಮ ತೆಲುಗಿನಲ್ಲಿ ಹೇಳುತ್ತಾರೆ, ನಿಮ್ಮ ಮನೆಮಾತು ಕನ್ನಡ. ಮೂರಕ್ಕೂ ತಲೆಯಾಡಿಸಿ. ಫ್ಲೋರೈಡ್ ಜೆಲ್ ಕೊಟ್ಟರೆ ಸಂತೋಷದಿಂದ ಇಸಿದುಕೊಳ್ಳಿ. ಅದನ್ನು ದಿನವೂ ಹಲ್ಲಿಗೆ ಹಚ್ಚಬೇಕಂತೆ. ಅಲಮಾರಿಯ ಮೇಲೆ ಇಡಿ. ಅಲ್ಲಿ ಹಳೆಯ ಎಕ್ಸ್‌ರೇಗಳಿಗೂ ಒಂದು ಜೊತೆಯಾಗುತ್ತದೆ.

ಮೂರು: ಬಾಯಿ ಒಣಗಿದಾಗ ಸಿಹಿ ಹಾಕಿ. ಆರೋಗ್ಯವಂತರ ಬಾಯಿಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಹುಳಿಯನ್ನು ತೊಳೆಯುವುದು, ಹಲ್ಲಿಗೆ ಸುಣ್ಣದ ಅಂಶ ತುಂಬುವುದು ಅದರದೇ ಕೆಲಸ. ಕಿವಿಯ ಮುಂದೆ, ದವಡೆಯ ಕೆಳಗೆ ಇರುವ ಗ್ರಂಥಿಗಳಿಗೆ ಕರೆಂಟ್ ತಾಗಿದರೆ ಆ ಊಟೆ ಬತ್ತುತ್ತದೆ. ಕಾವಲುಗಾರ ಹೋದ ಮನೆಗೆ ಕಳ್ಳನನ್ನು ಕರೆಯಲು ಇದೇ ಸಮಯ. ನೀರಿನ ಬಾಟಲಿಯನ್ನು ಮನೆಯಲ್ಲೇ ಬಿಡಿ. ಸಕ್ಕರೆ ಚಹಾವನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ. ಕೂಲ್‌ಡ್ರಿಂಕ್ ತಲೆದಿಂಬಿನ ಹತ್ತಿರವೇ ಇರಲಿ. ದವಡೆಯಲ್ಲಿ ಒಂದು ಪೆಪ್ಪರಮೆಂಟು ಒತ್ತಿಟ್ಟುಕೊಂಡು ಮಲಗಿ. ಒಸಡಿನ ಅಂಚಿನಿಂದ ಹಲ್ಲು ಕಪ್ಪಾಗಿ ಮುರಿಯಲು ಕೆಲವು ತಿಂಗಳು ಸಾಕು.

ನಾಲ್ಕು: ಹುಣ್ಣಿಗೆ ಮರ್ಯಾದೆ ಕೊಡಬೇಡಿ. ಮೆತ್ತನೆಯ ಬ್ರಷ್ ಮಕ್ಕಳಿಗೆ ಇರಲಿ. ನಿಮಗೆ ಬೂದಿ, ಇದ್ದಿಲು, ತೋರುಬೆರಳು ಸಾಕು. ಶೇಂಗಾ ಹಿಂಡಿ ಎಂದಿನ ಖಾರದಲ್ಲೇ ಬರಲಿ. ಬಾಯಿ ಮುಕ್ಕಳಿಸಲು ಸ್ಪಿರಿಟ್ ಸೇರಿದ, ಉರಿಯುವ ಮೌತ್‌ವಾಶ್ ತನ್ನಿ. ಉರಿದರೆ ತಾನೆ ಔಷಧಿ? ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗುಳುವ ಪದ್ಧತಿಯೂ ಇದೆ. ಅಡುಗೆಮನೆಯಲ್ಲೇ ಸಿಗುವುದನ್ನು ನಂಬಬೇಡಿ.

ಐದು: ತಂಬಾಕು ಬಿಡಬೇಡಿ. ಕಾಯಿಲೆ ತಂದುಕೊಟ್ಟ ಹಳೆಯ ಗೆಳೆಯನನ್ನು ಕಷ್ಟಕಾಲದಲ್ಲಿ ಕೈಬಿಡುವುದು ನ್ಯಾಯವಲ್ಲ. ಸುಣ್ಣ ಸೇರಿಸಿ ತಿಕ್ಕಿ, ಆ ಕೆನ್ನೆ ಹುಣ್ಣಾಗಿದ್ದರೆ ಈ ಕೆನ್ನೆಯಲ್ಲಿಡಿ. ಗಾಯ ನಿಧಾನಕ್ಕೆ ಮಾಯುತ್ತದೆ, ಚಿಕಿತ್ಸೆ ಸರಿಯಾಗಿ ಹಿಡಿಯುವುದಿಲ್ಲ. ಬಸ್ಸಿನ ಚಾರ್ಜಿಗಾದರೂ ಬೆಲೆ ಬಂತಲ್ಲ.

ಆರು: ಬಾಯಿ ತೆರೆಯಬೇಡಿ. ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಬಾಯಿ ತೆರೆಯುತ್ತಿರಬೇಕಂತೆ. ಅದಕ್ಕೆ ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ದಿನವೂ ಕಸರತ್ತು ಹೇಳಿಕೊಡುತ್ತಾರಂತೆ. ಈ ವಯಸ್ಸಿನಲ್ಲಿ ಕಡ್ಡಿ ಚೀಪುವುದೇ? ದವಡೆ ಬಿಗಿಯಲಿ. ಮೂರು ಬೆರಳು ಎರಡಾಗಿ, ಎರಡು ಒಂದಾದ ಮೇಲೆ ಬ್ರಷ್ಷಿನ ಖರ್ಚೂ ಉಳಿಯುತ್ತದೆ.

ಏಳು: ಕರೆಂಟಿನ ಜೊತೆ ಕಿಮೋ ಕೂಡ ನಡೆಯುತ್ತಿರುವಾಗ ಹಲ್ಲು ನೋವು ಬಂದರೆ ಊರಿನ ಆರ್‌ಎಂಪಿ, ಅಂದರೆ ಡಿಗ್ರಿ ಇಲ್ಲದ ಡಾಕ್ಟರ, ಹತ್ತಿರ ಹೋಗಿ. ಕಿಮೋ ಕೊಟ್ಟ ಮೇಲೆ ರಕ್ತದ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಸೋಂಕು ಬೇಗ ಹತ್ತುತ್ತದೆ, ರಕ್ತ ಬೇಗ ನಿಲ್ಲುವುದಿಲ್ಲ. ಆದ್ದರಿಂದ ರಿಪೋರ್ಟಿನ ಫೈಲು ಮನೆಯಲ್ಲಿ ಬಿಟ್ಟು ಹೋಗಿ. ಜ್ವರ ಬಂದರೆ ಆಸ್ಪತ್ರೆಗೆ ಫೋನ್ ಮಾಡಬೇಡಿ. ಬೆಳಿಗ್ಗೆವರೆಗೆ ಕಾದು ನೋಡಿ.

ಎಂಟು: ಇದು ಕೊನೆಯ ಹೆಜ್ಜೆ, ಎಲ್ಲಕ್ಕಿಂತ ಮುಖ್ಯವಾದದ್ದು. ಕರೆಂಟ್ ಮುಗಿಯಿತು, ಗಡ್ಡೆ ಹೋಯಿತು, ಎರಡು ವರ್ಷ ಕಳೆಯಿತು. ಈಗ ಹಲ್ಲು ಕೀಳಿಸಿ. ಕೀಳುವವರಿಗೆ ಕರೆಂಟಿನ ಸುದ್ದಿ ಎತ್ತಬೇಡಿ. ಕರೆಂಟ್ ತಾಗಿದ ಎಲುಬಿಗೆ, ಅದರಲ್ಲೂ ಕೆಳದವಡೆಗೆ, ರಕ್ತದ ಓಡಾಟ ಕಡಿಮೆಯಾಗಿರುತ್ತದೆ. ಆ ಎಲುಬು ವರ್ಷಗಳನ್ನು ಎಣಿಸುವುದಿಲ್ಲ. ಎರಡಾದರೂ ಇಪ್ಪತ್ತಾದರೂ ನೆನಪಿಟ್ಟುಕೊಂಡಿರುತ್ತದೆ. ಹಲ್ಲು ಐದು ನಿಮಿಷದಲ್ಲಿ ಬರುತ್ತದೆ. ಗಾಯ ಮಾಯದೆ, ಎಲುಬು ಹೊರಗೆ ಕಂಡು, ಕೊನೆಗೆ ದವಡೆಯ ತುಂಡನ್ನೇ ತೆಗೆಯಬೇಕಾಗಿ ಬರಬಹುದು. ಮೊದಲ ಹೆಜ್ಜೆಯಲ್ಲಿ ಉಳಿಸಿದ ಆಟೋ ಬಾಡಿಗೆಯನ್ನು ಆಗ ಲೆಕ್ಕ ಹಾಕಿ.

ಇಷ್ಟನ್ನೂ ಪಾಲಿಸಿದರೆ ಫಲ ಖಂಡಿತ. ಹಿಂಗಾರಿ ಮುಗಿದು ಕಡಲೆ ಮನೆಗೆ ಬರುವ ಹೊತ್ತಿಗೆ ನೀವು ಕ್ಯಾನ್ಸರ್ ಗೆದ್ದವರಾಗಿ ಕಟ್ಟೆಯ ಮೇಲೆ ಕೂತಿರುತ್ತೀರಿ, ಕೈಯಲ್ಲಿ ಗಂಜಿಯ ಬಟ್ಟಲು. ಪಕ್ಕದಲ್ಲಿ ಕಾಕಾ. ಒಂದು ಹಿಡಿ ಹುರಿಗಡಲೆ ಬಾಯಿಗೆ ಎಸೆದುಕೊಂಡು, ಕಟಕಟ ಅಗಿಯುತ್ತಾ ಅವರು ಮುಂದಿನ ಮನೆಯವರಿಗೆ ಅದೇ ಧೈರ್ಯ ಹೇಳುತ್ತಿರುತ್ತಾರೆ: "ಹಲ್ಲು ಯಾವ ಲೆಕ್ಕ?"